ಹಿಂದೆ ಬರುತ್ತಿದ್ದಾರೆ

ನಮ್ಮ ಕಟ್ಟಡದ ಬೇಸ್‌ಮೆಂಟಿನಲ್ಲಿ ಬಟ್ಟೆ ಒಗೆಯುವ ಕೋಣೆಯೊಂದಿದೆ. ಟೊರಾಂಟೊದ ನಾರ್ತ್ ಯಾರ್ಕಿನ ಈ ಇಪ್ಪತ್ತೆರಡು ಅಂತಸ್ತುಗಳ ಜನ ಒಬ್ಬರ ಮುಖವನ್ನೊಬ್ಬರು ನೋಡುವುದು ಅಲ್ಲಿ ಮಾತ್ರ. ಲಿಫ್ಟಿನಲ್ಲಿ ನೋಡುವುದು ಬರೀ ಬೂಟುಗಳನ್ನು. ಕಳೆದ ಭಾನುವಾರ ನಾನು ಡ್ರೈಯರಿನ ಬಾಯಿಂದ ಉದ್ದನೆಯ ಬಿಳಿ ಚೀಲವೊಂದನ್ನು ಎಳೆಯುತ್ತಿದ್ದೆ. ಎಷ್ಟು ಎಳೆದರೂ ಮುಗಿಯದು. ಪಕ್ಕದ ಮೆಷಿನ್ನಿಗೆ ಸೋಪು ಸುರಿಯುತ್ತಿದ್ದ ಇರಾನಿ ಅಜ್ಜಿ ಕೈ ನಿಲ್ಲಿಸಿ ನೋಡಿದರು. ಏಳು ಅಡಿ ಉದ್ದ, ಒಬ್ಬ ಮನುಷ್ಯ ಹಿಡಿಸುವಷ್ಟು ಅಗಲ, ಒಂದು ಕಡೆ ಮಾತ್ರ ತೆರೆದಿದೆ. ಅವರು ಬಹಳ ಮೃದುವಾಗಿ, "ಮನೆಯಲ್ಲಿ ಯಾರಾದರೂ ತೀರಿಕೊಂಡರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಇಲ್ಲ ಇಲ್ಲ, ಇದು ಬದುಕಿರುವವರದು" ಎಂದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಅವರ ತಪ್ಪೇನೂ ಇಲ್ಲ. ಮೂಲದಲ್ಲಿ ಅದು ಧೋತರ. ಆಲ್ಪ್ಸ್ ಪರ್ವತಗಳ ಮೇಲೆ ನಡೆದು ಹೋಗುವವರಿಗಾಗಿ ತಂಗುಮನೆಗಳಿವೆ, ಅಲ್ಲಿ ಒಂದು ನಿಯಮ. ಹಾಸಿಗೆ, ಕಂಬಳಿ ಅವರದು, ಅದರೊಳಗೆ ತೂರಿಕೊಳ್ಳುವ ಬಟ್ಟೆಯ ಚೀಲ ನಮ್ಮದು. ನೂರಾರು ಜನ ಬೆವರಿ ಬಂದು ಅದೇ ಕಂಬಳಿ ಹೊದೆಯಬೇಕಲ್ಲ, ಅದಕ್ಕೆ. ಅಂಗಡಿಗಳಲ್ಲಿ ರೇಷ್ಮೆಯದು ಸಿಗುತ್ತದೆ. ನನ್ನ ನಡಿಗೆಯ ಗೆಳೆಯ ಬಸಣ್ಣ ಅದನ್ನು ಎರಡು ಬೆರಳಿನಲ್ಲಿ ಮುಟ್ಟಿ ನೋಡಿ, "ಇದರಾಗ ಮಕ್ಕೊಂಡ್ರ ರಾತ್ರಿ ಜಾರಿ ಆ ಕಡೆ ಇಟಲಿಗೆ ಇಳೀತೀವಿ" ಎಂದು ವಾಪಸು ನೇತುಹಾಕಿದರು. ಅವರ ಹೆಂಡತಿ ಶೋಭಕ್ಕ ಎರಡು ಹಳೆಯ ಧೋತರ ಮಡಿಚಿ ಎರಡು ಚೀಲ ಹೊಲಿದುಕೊಟ್ಟರು. ಒಂದು ನನ್ನ ಪಾಲಿಗೆ ಬಂತು. ಇನ್ನೊಂದು ಮಿಸಿಸಾಗದಲ್ಲಿ ಅವರ ಮನೆಯ ಯಾವುದೋ ಕಪಾಟಿನಲ್ಲಿ, ಇಸ್ತ್ರಿ ಮುರಿಯದೆ ಕೂತಿದೆ.

ಬಸಣ್ಣ ಬೈಲಹೊಂಗಲದ ಕಡೆಯವರು, ಮಿಸಿಸಾಗದಲ್ಲಿ ಸಿಟಿ ಬಸ್ ಓಡಿಸುತ್ತಾರೆ. ನಾನು ಮೈಸೂರಿನವನು. ನೀರಿನ ಪೈಪುಗಳ ನಕ್ಷೆ ಬರೆಯುವ ಕಂಪನಿಯಲ್ಲಿ ಮೂವತ್ತು ವರ್ಷ ಕೂತು ಈಗ ಮನೆಯಲ್ಲಿ ಕೂತಿದ್ದೇನೆ. ಮದುವೆಯಾಗಲಿಲ್ಲ. ಆಗಬಾರದೆಂದು ಹಟವೇನೂ ಇರಲಿಲ್ಲ, ಹಾಗೇ ಉಳಿದುಹೋಯಿತು, ಕೆಲವರ ಮನೆಯಲ್ಲಿ ಒಂದು ಗೋಡೆಗೆ ಬಣ್ಣ ಬಳಿಯುವುದು ಉಳಿದುಬಿಡುತ್ತದಲ್ಲ, ಹಾಗೆ. ನಾವಿಬ್ಬರೂ ಭೇಟಿಯಾದದ್ದು ಒಂದು ಯುಗಾದಿ ಊಟದ ದಿನ, ಶಾಲೆಯೊಂದರ ಹಾಲಿನಲ್ಲಿ. ಮಕ್ಕಳ ನೃತ್ಯ ಮೂರನೆಯ ಗಂಟೆಗೆ ಕಾಲಿಟ್ಟಾಗ ನಾನು ಮೆಲ್ಲಗೆ ಹೊರಗೆ ಬಂದೆ. ಪಾರ್ಕಿಂಗಿನಲ್ಲಿ ಇನ್ನೊಬ್ಬರು ಆಗಲೇ ಸುತ್ತು ಹಾಕುತ್ತಿದ್ದರು. "ಏನ್ ರಾಯರ, ನೀನೂ ತಪ್ಪಿಸ್ಕೊಂಡಿ?" ಎಂದರು. ಮೊದಲ ಮಾತಿನಲ್ಲೇ 'ನೀನು'. ನಾನು ಹನ್ನೊಂದು ವರ್ಷವಾದರೂ 'ನೀವು' ಬಿಟ್ಟು ಇಳಿಯಲಿಲ್ಲ. ಅಂದು ಪಾರ್ಕಿಂಗಿಗೆ ಹದಿನಾಲ್ಕು ಸುತ್ತು ಹಾಕಿದೆವು. ಮುಂದಿನ ಶನಿವಾರ ನದಿಯ ದಂಡೆಗೆ ಹೋದೆವು. ಆಮೇಲೆ ಪ್ರತಿ ಶನಿವಾರ.

ಇಲ್ಲಿ ನನ್ನದೊಂದು ಚಾಳಿಯ ಬಗ್ಗೆ ಹೇಳಿಬಿಡಬೇಕು. ಹಬ್ಬದೂಟಗಳಿಗೆ ಹೋದಾಗ ಹೊಸಬರು ಯಾರಾದರೂ ನನ್ನ ಹೆಗಲಾಚೆ ಇಣುಕಿ, "ಮನೆಯವರು ಬರ್ಲಿಲ್ವಾ ಸಾರ್?" ಎಂದು ಕೇಳುತ್ತಾರೆ. ಇಲ್ಲ ಎಂದರೆ ಯಾಕೆ ಎನ್ನುತ್ತಾರೆ, ಮದುವೆಯೇ ಆಗಿಲ್ಲ ಎಂದರೆ ಅವರ ಕೈಯಲ್ಲಿರುವ ಹೋಳಿಗೆ ತಣ್ಣಗಾಗುತ್ತದೆ. ಅದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ, "ಹಿಂದೆ ಬರ್ತಿದ್ದಾರೆ" ಎಂದುಬಿಡುವುದು. ಕೇಳಿದವರಿಗೆ ಖುಷಿ. ಅವರು ಮತ್ತೆ ನೆನಪಿಸಿಕೊಳ್ಳುವಷ್ಟರಲ್ಲಿ ಊಟದ ಸಾಲು ಮುಂದೆ ಸರಿದಿರುತ್ತದೆ. ನೀವೂ ಹೇಳಿರುತ್ತೀರಿ, ಬಿಡಿ. ಮನೆಯಲ್ಲಿ ಮಲಗಿ ಟಿವಿ ನೋಡುತ್ತಿರುವವರನ್ನೂ ನಮ್ಮ ಜನ ಬರುವುದಿಲ್ಲ ಎನ್ನುವುದಿಲ್ಲ. ಹಿಂದೆ ಬರುತ್ತಿದ್ದಾರೆ ಎನ್ನುತ್ತಾರೆ.

ಈ ಮಾತು ನನಗೆ ಬಂದದ್ದು ನಮ್ಮ ತಂದೆಯಿಂದ. ಅವರು ಶಾಲೆಯಲ್ಲಿ ಡ್ರಿಲ್ ಮೇಷ್ಟರು. ಭಾನುವಾರ ಮಾರ್ಕೆಟ್ಟಿಗೆ ಹೊರಟರೆ ಅವರ ನಡಿಗೆಗೆ ಸಮನಾಗಿ ನಾನು ಓಡಬೇಕು, ಕೈಯಲ್ಲಿ ತರಕಾರಿ ಚೀಲ ಬೇರೆ. ಅವರು ಒಂದು ಸಲವೂ ತಿರುಗಿ ನೋಡಿದ ನೆನಪಿಲ್ಲ. ಒಂದು ಭಾನುವಾರ ವೀಳ್ಯದೆಲೆ ಅಂಗಡಿಗಳ ಹತ್ತಿರ ಅವರ ಬಿಳಿ ಟೋಪಿ ಕಣ್ಮರೆಯಾಯಿತು. ನಾನು ಅಳುತ್ತ ನಿಂತೆ. ಎಲೆಯಂಗಡಿಯವನು ಒಂದು ಬಾಳೆಹಣ್ಣು ಕೊಟ್ಟು ದಾರಿ ತೋರಿಸಿದ. ಅಷ್ಟರಲ್ಲಿ ತಂದೆ ಮನೆ ಸೇರಿ, ಕಾಫಿ ಕುಡಿದು, ಪೇಪರು ಬಿಡಿಸಿದ್ದರಂತೆ. ಅಮ್ಮ ಮಗು ಎಲ್ಲಿ ಎಂದು ಕೇಳಿದ್ದಕ್ಕೆ "ಹಿಂದೆ ಬರ್ತಿದ್ದಾನೆ" ಎಂದರಂತೆ. ಒಂದು ಗಂಟೆಯ ಮೇಲೆ ನಾನು ಚೀಲ ಎಳೆದುಕೊಂಡು ಬಾಗಿಲಿಗೆ ಬಂದಾಗ ಪೇಪರಿನಿಂದ ತಲೆ ಎತ್ತದೆ, "ನೋಡು, ಬಂದ" ಎಂದರು. ಅಮ್ಮ ಆ ದಿನ ಅವರಿಗೆ ಊಟ ಬಡಿಸಲಿಲ್ಲ. ನಾನೇ ಬಡಿಸಿದೆ. ಕೋಪ ಬರಬೇಕಾಗಿದ್ದ ನನಗೆ ಬಂದದ್ದು ಅವರ ನಡಿಗೆ.

ಇಂಥ ನಡಿಗೆಯವನಿಗೆ ಬಸಣ್ಣನಂಥ ಜೊತೆ ಸಿಕ್ಕಿದ್ದು ವಿಚಿತ್ರವೇ. ಬಸ್ಸಿನವರು ನೋಡಿ. ಅವರ ಕಣ್ಣು ಸದಾ ಕನ್ನಡಿಯಲ್ಲಿ. ಹಿಮದಲ್ಲಿ ಯಾರೋ ಮುದುಕಿ ಗಾಡಿ ತಳ್ಳಿಕೊಂಡು ಓಡಿ ಬರುತ್ತಿದ್ದರೆ ಬಾಗಿಲು ತೆರೆದಿಟ್ಟು ಕಾಯುತ್ತಾರೆ, ಹಿಂದಿನ ಸೀಟಿನವರು ಗೊಣಗಲಿ ಬಿಡಲಿ. ಕಾಡುದಾರಿಯಲ್ಲೂ ಅಷ್ಟೇ, ಹಿಂದೆ ಬರುವವರಿಗೆಲ್ಲ ದಾರಿ ಬಿಟ್ಟು, ಅವರ ನಾಯಿಯನ್ನು ಮಾತಾಡಿಸಿ, ನಾನು ಮುಂದೆ ಹೋಗಿ ಕಾಯುತ್ತ ಕೂತ ಜಾಗಕ್ಕೆ ಕಡಲೆಕಾಯಿ ತಿನ್ನುತ್ತ ಬಂದು ಸೇರುತ್ತಿದ್ದರು. ನಾನು ಕಾಯುತ್ತಿದ್ದೆ. ಅದನ್ನು ಹೇಳಲೇಬೇಕು, ಕಾಯುತ್ತಿದ್ದೆ.

ಆಲ್ಪ್ಸ್ ಹುಚ್ಚು ಅವರದು. ಬಸ್ಸಿನಲ್ಲಿ ಯಾರೋ ಬಿಟ್ಟುಹೋದ ಪತ್ರಿಕೆಯಲ್ಲಿ ಚಿತ್ರ ನೋಡಿದ್ದರು. ಕಣಿವೆಯಲ್ಲೊಂದು ಹಳ್ಳಿ, ಅಲ್ಲಿಂದ ಕಾಲುದಾರಿ, ತುದಿಯಲ್ಲಿ ಬಂಡೆಗಳ ನಡುವೆ ಕಲ್ಲಿನ ತಂಗುಮನೆ. "ರಾಯರ, ಒಮ್ಮೆ ಇಲ್ಲಿ ಹೋಗಿ ಒಂದು ರಾತ್ರಿ ಮಕ್ಕೊಂಡು ಬರೂಣು" ಎಂದರು. ಒಂದು ವರ್ಷ ಮೊದಲೇ ಇಬ್ಬರ ಹೆಸರಿನಲ್ಲಿ ಜಾಗ ಕಾದಿರಿಸಿದರು. ತಮ್ಮ ಫೋನ್ ನಂಬರು ಕೊಟ್ಟು, ಇಬ್ಬರೂ ಶಾಕಾಹಾರಿಗಳು ಎಂದು ಎರಡು ಸಲ ಬರೆದರು.

ತಯಾರಿ ಮಾಡಬೇಕೆಂದರೆ ಟೊರಾಂಟೊದಲ್ಲಿ ಬೆಟ್ಟ ಎಲ್ಲಿದೆ? ದೇವರು ಇಲ್ಲಿನವರಿಗೆ ಬೆಟ್ಟ ಕೊಡಲಿಲ್ಲ, ಅವರೇ ಕಸ ಸುರಿದು ಒಂದೆರಡು ಮಾಡಿಕೊಂಡಿದ್ದಾರೆ, ಮೇಲೆ ಹುಲ್ಲು ಬೆಳೆಸಿ ಚಳಿಗಾಲದಲ್ಲಿ ಜಾರುತ್ತಾರೆ. ಅಂಥ ಒಂದು ದಿಬ್ಬವನ್ನು ನಾವಿಬ್ಬರೂ ಒಂದು ಬೆಳಿಗ್ಗೆಗೆ ಇಪ್ಪತ್ತು ಸಲ ಹತ್ತಿ ಇಳಿಯುತ್ತಿದ್ದೆವು. ಬೆನ್ನಚೀಲಕ್ಕೆ ಭಾರ ಬೇಕೆಂದು ಜೆರಾರ್ಡ್ ಬಜಾರಿನಿಂದ ತಂದ ತೊಗರಿಬೇಳೆ ಮೂಟೆಗಳನ್ನು ತುಂಬಿಕೊಳ್ಳುತ್ತಿದ್ದೆವು. ಶೋಭಕ್ಕ ಸಾರಿಗೆ ಬೇಳೆ ಬೇಕಾದಾಗಲೆಲ್ಲ ಗಂಡನ ಬೆನ್ನಚೀಲ ಬಿಚ್ಚುತ್ತಿದ್ದುದರಿಂದ ಅವರ ಭಾರ ವಾರವಾರಕ್ಕೂ ಕಡಿಮೆಯಾಗುತ್ತ ಬಂತು. ನನ್ನ ಬೇಳೆ ಹಾಗೇ ಇತ್ತು. ಒಬ್ಬನಿಗೆ ಎಷ್ಟು ಸಾರು ಬೇಕು.

ಕಳೆದ ನವೆಂಬರಿನ ಒಂದು ಶನಿವಾರ ಮಿಲ್ಟನ್ನಿನಾಚೆಯ ಸುಣ್ಣಕಲ್ಲಿನ ದಿಬ್ಬಕ್ಕೆ ಹೋದೆವು. ಅಲ್ಲಿ ಬಂಡೆಗಳ ನಡುವೆ ಬಿರುಕುಗಳಿವೆ, ಆ ತಿಂಗಳಲ್ಲಿ ಎಲೆ ಬಿದ್ದು ಎಲ್ಲ ಮುಚ್ಚಿರುತ್ತವೆ. ಫೋನಿಗೆ ಸಿಗ್ನಲ್ಲೂ ಸಿಗುವುದಿಲ್ಲ. ಚಳಿ ಜಾಸ್ತಿಯಿತ್ತು. ನಾನು ಕಿವಿಗೆ ಹಳೆಯ ಹಾಡು ಸಿಕ್ಕಿಸಿಕೊಂಡು ನಡೆದೆ. ಎಲ್ಲೂ ಕೂರಲಿಲ್ಲ, ನೇರ ಪಾರ್ಕಿಂಗಿಗೆ ಬಂದು ಕಾರಿನಲ್ಲಿ ಹೀಟರು ಹಾಕಿ ಕೂತೆ. ಹಿಂದೆ ಬರುತ್ತಿದ್ದಾರಲ್ಲ ಎಂದುಕೊಂಡೆ. ಅರ್ಧ ಗಂಟೆಯಾಯಿತು. ನಾಯಿಯನ್ನು ಮಾತಾಡಿಸುತ್ತಿರಬೇಕು. ಒಂದು ಗಂಟೆಯಾಯಿತು. ಎರಡು ಗಂಟೆ ಕಳೆದ ಮೇಲೆ ಬಸಣ್ಣ ಬಂದರು, ಮುರಿದ ಕೊಂಬೆಯೊಂದನ್ನು ಊರಿಕೊಂಡು, ಎಡಗಾಲನ್ನು ಎಳೆಯುತ್ತ. ಪ್ಯಾಂಟು ಸೊಂಟದವರೆಗೆ ಕೆಸರು. ಬಿರುಕಿನಲ್ಲಿ ಕಾಲು ಸಿಕ್ಕಿ ಮೊಣಕಾಲು ಹೊರಳಿತ್ತು.

"ಕರೀಬಾರದಾಗಿತ್ತಾ?" ಎಂದೆ. ಅಂಥ ಹೊತ್ತಿನಲ್ಲಿ ನನ್ನ ಬಾಯಿಂದ ಬಂದದ್ದು ಅದು.

"ಕರದೆ. ಮೂರು ಸಲ ಕರದೆ." ಕಾರಿನೊಳಗೆ ಕೂತು ಬೆಲ್ಟು ಹಾಕಿಕೊಂಡರು. ಮಿಸಿಸಾಗ ಬರುವವರೆಗೂ ಪಕ್ಕದ ಕನ್ನಡಿಯನ್ನೇ ನೋಡುತ್ತ ಕೂತಿದ್ದರು. ಇಳಿಯುವಾಗ ಹೇಳಿದರು, "ರಾಯರ, ನೀ ಒಬ್ಬಾಂವನ ಅಡ್ಡಾಡಾಂವ. ನಿನಗ ಜೋಡಿ ಬೇಕಾಗಿಲ್ಲ."

ಬೈದಿದ್ದರೆ ನಾನು ತಿರುಗಿ ಏನಾದರೂ ಅನ್ನುತ್ತಿದ್ದೆ. ಅವರು ಬೈಯಲಿಲ್ಲ, ಬಸ್ಸಿನ ನಂಬರು ಹೇಳುವ ಧ್ವನಿಯಲ್ಲಿ ಹೇಳಿದರು. ಆ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಮದುವೆಯಾಗದ ಅರವತ್ತರ ಗಂಡಸಿಗೆ ಯಾವ ಮಾತು ಹೇಳಬಾರದೋ ಅದನ್ನೇ ಹೇಳಿದರೆಂದು ಮುನಿಸಿಕೊಂಡೆ. ತಪ್ಪು ನನ್ನದು, ಮುನಿಸೂ ನನ್ನದೇ. ಅವರು ಫೋನ್ ಮಾಡಲಿ ಎಂದು ನಾನು ಕಾದೆ, ನಾನು ಮಾಡಲಿ ಎಂದು ಅವರು ಕಾದಿರಬೇಕು. ಡಿಸೆಂಬರ್ ಹೋಯಿತು, ಜನವರಿ ಹೋಯಿತು.

ಆ ಚಳಿಗಾಲದ ಶನಿವಾರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹದಿನೇಳನೆಯ ಅಂತಸ್ತಿಗೆ ಮೆಟ್ಟಿಲು ಹತ್ತಿ ಅಭ್ಯಾಸ ಮಾಡಿದೆ, ಬೇಳೆ ಹೊತ್ತುಕೊಂಡು, ಒಬ್ಬನೇ. ಸೆಕ್ಯುರಿಟಿಯವನು ಲಿಫ್ಟ್ ಸರಿ ಇದೆಯಲ್ಲ ಎಂದ. ಕೆಲವು ವಾರಗಳಲ್ಲಿ ನಾಲ್ಕೈದು ದಿನ ಒಂದು ಕನ್ನಡ ಮಾತೂ ಆಡದೆ, ಆಮೇಲೆ ಯಾರದೋ ಫೋನು ಬಂದು ಹಲೋ ಎಂದರೆ ನನ್ನ ಧ್ವನಿ ನನಗೇ ಬೇರೆಯವರದ್ದೆನ್ನಿಸುತ್ತಿತ್ತು. ಬಸಣ್ಣ ಇಲ್ಲದೆ ನನಗೆ ಬೇಸರವಾಗುತ್ತಿತ್ತು. ಇಷ್ಟು ಸರಳ ವಾಕ್ಯ ಬರೆಯಲು ಎಂಟು ತಿಂಗಳು ಬೇಕಾಯಿತು.

ಜುಲೈ ಬಂತು. ತಂಗುಮನೆಯ ಜಾಗವನ್ನು ನಾನು ರದ್ದು ಮಾಡಲಿಲ್ಲ, ಅವರೂ ಮಾಡಿರಲಿಲ್ಲ. ಮಾಡಬೇಕಾದರೆ ಇಬ್ಬರೂ ಮಾತಾಡಬೇಕಿತ್ತು. ಅವರು ಬಂದರೂ ಬರಬಹುದು ಎಂಬ ಆಸೆಯೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ವಿಮಾನ ನಿಲ್ದಾಣದಲ್ಲಿ ಕೊನೆಯ ಕರೆಯವರೆಗೂ ಬಾಗಿಲ ಕಡೆ ನೋಡುತ್ತ ಕೂತಿದ್ದೆ.

ಕಣಿವೆಯ ಹಳ್ಳಿಯಲ್ಲಿ ಬಸ್ಸಿಳಿದಾಗ ಬೆಳಗಿನ ಹತ್ತು ಗಂಟೆ. ಒಂದು ಚರ್ಚು, ಒಂದು ನಲ್ಲಿ, ಕಿಟಕಿಗಳಲ್ಲಿ ಕೆಂಪು ಹೂವು. ದಾರಿ ಮೊದಲು ಮರಗಳ ನಡುವೆ, ಆಮೇಲೆ ಗಂಟೆ ಕಟ್ಟಿದ ಹಸುಗಳ ಹುಲ್ಲುಗಾವಲಿನಲ್ಲಿ, ಆಮೇಲೆ ಬರೀ ಕಲ್ಲಿನಲ್ಲಿ. ಕಸದ ದಿಬ್ಬವೂ ಹದಿನೇಳು ಅಂತಸ್ತೂ ಅಲ್ಲಿ ಯಾವ ಲೆಕ್ಕಕ್ಕೂ ಬರಲಿಲ್ಲ. ಎರಡನೆಯ ಗಂಟೆಗೇ ನಾನು ಕೂತು, ನಿಂತು, ಮತ್ತೆ ಕೂತೆ. ಅಲ್ಲಿ ಬಂಡೆಗಳ ಸಂದಿಯಲ್ಲಿ ದಪ್ಪ ಅಳಿಲಿನಂಥ ಪ್ರಾಣಿಗಳಿವೆ, ಮನುಷ್ಯರನ್ನು ಕಂಡರೆ ಥೇಟು ಯಾರೋ ಸಿಳ್ಳೆ ಹಾಕಿ ಕರೆದಂತೆ ಕೂಗುತ್ತವೆ. ಪ್ರತಿ ಸಲವೂ ನಾನು ತಿರುಗಿ ನೋಡಿದೆ. ಹಿಂದೆ ದಾರಿ ಖಾಲಿ ಬಿದ್ದಿತ್ತು. ಹನ್ನೊಂದು ವರ್ಷ ಬಸಣ್ಣ ನೋಡಿದ್ದು ನನ್ನ ಬೆನ್ನನ್ನೇ ಎಂದು ಆಗ ಹೊಳೆಯಿತು.

ಸಂಜೆ ಐದೂವರೆಗೆ ತಂಗುಮನೆ ಮುಟ್ಟಿದೆ. ನಮ್ಮ ಮನೆಗಳ ಹಾಗೇ ಬೂಟು ಬಾಗಿಲಲ್ಲೇ ಬಿಡಬೇಕು. ಮನೆ ನೋಡಿಕೊಳ್ಳುವ ಹೆಂಗಸಿಗೆ ಐವತ್ತು ದಾಟಿರಬೇಕು, ಬಿಸಿಲಿಗೆ ಕೆಂಪಾದ ಮುಖ. ಪಟ್ಟಿಯಲ್ಲಿ ಬೆರಳಿಟ್ಟು, ಅಳೆದು ತೂಗಿದ ಇಂಗ್ಲಿಷಿನಲ್ಲಿ ಕೇಳಿದಳು, "ಇಬ್ಬರು. ಇನ್ನೊಬ್ಬರು?"

ನಾನೇನು ಹೇಳಿದೆನೆಂದು ನೀವು ಊಹಿಸಿಬಿಟ್ಟಿದ್ದೀರಿ. ಯೋಚನೆ ಮಾಡಿ ಹೇಳಿದ್ದಲ್ಲ. ಬೂಟಿನ ಲೇಸು ಬಿಚ್ಚುತ್ತ, ಏದುಸಿರು ಬಿಡುತ್ತ, ಯುಗಾದಿ ಊಟದ ಸಾಲಿನಲ್ಲಿ ನಿಂತವನಂತೆ ಹೇಳಿದೆ, "ಹಿಂದೆ ಬರುತ್ತಿದ್ದಾರೆ."

ಅಲ್ಲಿ ಊಟದ ಸಾಲು ಮುಂದೆ ಸರಿಯುವುದಿಲ್ಲ. ಆರೂವರೆಗೆ ಎಲ್ಲರೂ ಒಟ್ಟಿಗೇ ಉದ್ದ ಬೆಂಚುಗಳ ಮೇಲೆ ಕೂರಬೇಕು. ಉಳಿದವರಿಗೆ ಮಾಂಸ, ನಮಗಾಗಿ ಬೇರೆಯಾಗಿ ಬೇಳೆ ಬೇಯಿಸಿದ್ದಳು. ನನ್ನ ಮುಂದೆ ಒಂದು ಬಟ್ಟಲು, ಪಕ್ಕದ ಖಾಲಿ ಜಾಗದ ಮುಂದೆ ಒಂದು ಬಟ್ಟಲು, ಅದಕ್ಕೆ ತಟ್ಟೆ ಮುಚ್ಚಿತ್ತು. ಅವಳು ಕಿಟಕಿಯ ಹತ್ತಿರ ಹೋಗಿ ಬಂದಳು. "ಅವರನ್ನು ಕೊನೆಗೆ ಎಲ್ಲಿ ನೋಡಿದಿರಿ?"

"ಪಾರ್ಕಿಂಗಿನಲ್ಲಿ" ಎಂದೆ. ಸುಳ್ಳಲ್ಲ. ಅವರ ಮನೆಯ ಮುಂದಿನ ಪಾರ್ಕಿಂಗಿನಲ್ಲಿ, ನವೆಂಬರಿನಲ್ಲಿ ಎಂದು ಸೇರಿಸಬೇಕಿತ್ತು.

ಅವಳು ದುರ್ಬೀನು ತೆಗೆದುಕೊಂಡು ಹೊರಗೆ ಹೋದಳು. ಬೆಟ್ಟದ ಮೇಲೆ ಮಾತಿಗೆ ಬೇರೆಯೇ ಬೆಲೆ ಇದೆ ಎಂದು ನನಗೆ ಗೊತ್ತಿರಲಿಲ್ಲ. ಹಿಂದೆ ಬರುತ್ತಿದ್ದಾರೆ ಎಂದರೆ ಅಲ್ಲಿ ಒಬ್ಬ ಮನುಷ್ಯ ಆ ದಾರಿಯಲ್ಲಿ ಇದ್ದಾನೆ, ಕತ್ತಲಾಗುವ ಮುಂಚೆ ಬರಬೇಕು ಎಂದೇ ಅರ್ಥ. ಎದುರು ಕೂತಿದ್ದ ಇಬ್ಬರು ಅವಳೊಂದಿಗೆ ಏನೋ ಮಾತಾಡಿ, ಅರ್ಧ ಕುಡಿದ ಸೂಪು ಬಿಟ್ಟು ಎದ್ದು ಬೂಟು ಕಟ್ಟತೊಡಗಿದರು. ನನ್ನ ಬಸಣ್ಣನನ್ನು ಹುಡುಕಲು. ನಾನು ಎದ್ದು, ಅವರು ಬರುವುದಿಲ್ಲ, ಅವರು ಕೆನಡಾದಲ್ಲಿದ್ದಾರೆ ಎಂದು ಹೇಳಬೇಕು. ಬಾಯಿ ತೆರೆದೆ. ಆ ಮಾತು ಹೊರಗೆ ಬರಲೊಲ್ಲದು. ಒಮ್ಮೆ ಹೇಳಿಬಿಟ್ಟರೆ ಅದು ನಿಜವಾಗಿಬಿಡುತ್ತದೆ ಎಂದು ಹೆದರಿದೆ.

ಅಷ್ಟರಲ್ಲಿ ಅವಳು ಕಾದಿರಿಸಿದ ಕಾಗದ ತೆಗೆದು ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದ್ದಳು. ಮಿಸಿಸಾಗದಲ್ಲಿ ಮಧ್ಯಾಹ್ನ ಒಂದು ಗಂಟೆ. ಅವಳು ಕೇಳಿದಳು, ಕೇಳಿಸಿಕೊಂಡಳು, ನನ್ನನ್ನೊಮ್ಮೆ ನೋಡಿದಳು. ಬೂಟು ಕಟ್ಟುತ್ತಿದ್ದವರಿಗೆ ಕೂತುಕೊಳ್ಳಿ ಎಂದು ಕೈಸನ್ನೆ ಮಾಡಿ ಫೋನನ್ನು ನನ್ನ ಕೈಗಿಟ್ಟಳು.

"ರಾಯರ."

"ಹ್ಞೂಂ, ಬಸಣ್ಣ."

"ನಾ ಹಿಂದ ಬರಾಕತ್ತೀನಂತ ಹೇಳೀಯಂತಲ್ಲ."

"ಹೇಳಿದೆ."

"ಎಷ್ಟ ಹಿಂದ ಅದೀನಿ?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಆಕಿ ಪಾಪ, ಪೆಟ್ಟಾಗೇತೇನು, ಲೊಕೇಶನ್ ಹೇಳು, ಮಂದೀನ ಕಳಸ್ತೀನಿ ಅನ್ನಾಕತ್ತಿದ್ಳು. ಕಿಚನ್ನಾಗ ಕುಂತೀನವ್ವಾ, ಕಾಲಿಗೆ ಐಸ್ ಇಟ್ಕೊಂಡು, ಅಂದೆ."

"ಕಾಲಿಗೆ ಏನಾಯ್ತು?"

"ಮಾರ್ಚ್‌ನ್ಯಾಗ ಆಪರೇಷನ್ ಆತು. ಎಡಗಡೆ ಮೊಣಕಾಲು ಬದ್ಲಿ ಮಾಡ್ಯಾರ."

ಮಾರ್ಚಿನಲ್ಲಿ ನಾನು ಮೆಟ್ಟಿಲು ಹತ್ತುತ್ತಿದ್ದೆ. "ನನಗೆ ಹೇಳಲೇ ಇಲ್ಲ" ಎಂದೆ.

"ನೀ ಮುಂದ ಹೋಗಿದ್ದಿ."

ಆ ಮನೆಯಲ್ಲಿ ನಲವತ್ತು ಜನ ಚಮಚ ಸದ್ದು ಮಾಡುತ್ತ ಉಣ್ಣುತ್ತಿದ್ದರು. ಅವರ್ಯಾರಿಗೂ ಕನ್ನಡ ಬಾರದು. ನಾನು ಗೋಡೆಯ ಕಡೆ ತಿರುಗಿ ನಿಂತು ಹೇಳಿದೆ, "ಬಸಣ್ಣ, ಆವತ್ತು ನಾನು ವಾಪಸ್ ಬರಬೇಕಾಗಿತ್ತು. ಕಾರಲ್ಲಿ ಕೂತೆ. ತಪ್ಪಾಯ್ತು."

ಆ ಕಡೆ ಐಸು ಕದಲಿದ ಸದ್ದು ಕೇಳಿತು. ಆಮೇಲೆ, "ಉಣ್ಣಾಕ ಏನ್ ಮಾಡ್ಯಾರ?"

"ಬೇಳೆ."

"ನಂದೂ ಮಾಡ್ಯಾರೇನು?"

"ಮಾಡಿದ್ದಾರೆ. ಪಕ್ಕದಲ್ಲೇ ಇಟ್ಟಿದ್ದಾರೆ."

"ಕೆಡಸಬ್ಯಾಡ. ಯಾರಿಗರ ಕೊಡು." ಫೋನ್ ಇಟ್ಟರು. ಬಾ ಎನ್ನಲಿಲ್ಲ, ಇರಲಿ ಬಿಡು ಎನ್ನಲಿಲ್ಲ.

ಬೇಳೆಯನ್ನು ಬೂಟು ಕಟ್ಟಿದ್ದ ಇಬ್ಬರಿಗೆ ಕೊಟ್ಟೆ. ಮಾರನೆಯ ದಿನ ಇಳಿದೆ. ಇಳಿಯುವುದು ಹತ್ತುವುದಕ್ಕಿಂತ ಕಷ್ಟ, ಭಾರವೆಲ್ಲ ಮೊಣಕಾಲಿಗೆ ಬೀಳುತ್ತದೆ. ದಾರಿಯುದ್ದಕ್ಕೂ ನನಗೆ ಅವರ ಮೊಣಕಾಲಿನದೇ ಯೋಚನೆ.

ನಿನ್ನೆ ಶನಿವಾರ. ಕರೆಯದಿದ್ದರೂ ಮಿಸಿಸಾಗಕ್ಕೆ ಹೋದೆ, ಕಾರು ಮನೆಯಲ್ಲೇ ಬಿಟ್ಟು, ರೈಲು, ಆಮೇಲೆ ಬಸ್ಸು. ಬಾಗಿಲು ತೆಗೆದ ಶೋಭಕ್ಕ, "ಬರ್ರಿ. ಬಾಳ ದಿನಾತು" ಎಂದರು. ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಬಸಣ್ಣ ಕೋಲು ಹಿಡಿದು ಹೊರಗೇ ಹೊರಟಿದ್ದರು. ದಿನಕ್ಕೆರಡು ಸಲ ಮನೆಗಳ ಸಾಲಿಗೆ ಒಂದು ಸುತ್ತು ಹಾಕಬೇಕೆಂದು ಡಾಕ್ಟರ್ ಹೇಳಿದ್ದಾರಂತೆ. ಇನ್ನು ಬೆಟ್ಟ ಗಿಟ್ಟ ಇಲ್ಲ ಎಂದೂ ಹೇಳಿದ್ದಾರಂತೆ. ಅದನ್ನು ಅವರು ನನ್ನ ಕಡೆ ನೋಡದೆ ಹೇಳಿದರು.

"ನಾನೂ ಬರ್ತೀನಿ" ಎಂದೆ.

"ನೀ ಏನ್ ಬರ್ತಿ? ನಾ ತಿರುವು ಮುಟ್ಟೂದ್ರಾಗ ನೀ ಸುತ್ತು ಮುಗಿಸಿ ಚಾ ಕುಡದಿರ್ತಿ."

ಆದರೂ ಹೊರಟೆವು. ಮೊದಲ ಮೂರು ಮನೆಗಳವರೆಗೆ ಒಟ್ಟಿಗೇ ಇದ್ದೆವು. ಅವರು ತಮ್ಮ ಬಸ್ಸಿನ ರೂಟನ್ನು ಈಗ ಯಾವನೋ ಹೊಸಬನಿಗೆ ಕೊಟ್ಟಿರುವುದನ್ನೂ, ಅವನು ಕನ್ನಡಿಯನ್ನೇ ನೋಡದಿರುವುದನ್ನೂ ಹೇಳುತ್ತಿದ್ದರು. ನಾನು ಏನೋ ಉತ್ತರ ಕೊಡುತ್ತಿದ್ದೆ. ಕೊಡುತ್ತಲೇ ಇದ್ದೆ. ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು, ನಾನೊಬ್ಬನೇ ಮಾತಾಡುತ್ತಿದ್ದೇನೆ.

ತಿರುಗಿ ನೋಡಿದೆ. ಬಸಣ್ಣ ಒಂದು ಬೇಲಿಗೆ ಕೈಯೂರಿ ನಿಂತಿದ್ದರು, ನನ್ನಿಂದ ಎಂಟು ಹತ್ತು ಮಾರು ಹಿಂದೆ. ಕರೆದಿರಲಿಲ್ಲ. ಕರೆಯುವ ಯೋಚನೆಯೂ ಅವರ ಮುಖದಲ್ಲಿರಲಿಲ್ಲ, ನನ್ನನ್ನು ಸುಮ್ಮನೆ ನೋಡುತ್ತಿದ್ದರು, ಅಷ್ಟೆ. ಅಲ್ಲೇ ನಿಂತು ಕಾಯಬಹುದಿತ್ತು. ಹನ್ನೊಂದು ವರ್ಷ ಕಾದಿದ್ದೇನೆ, ಕಾಯುವುದು ನನಗೆ ಗೊತ್ತು.

ನಾನು ಹಿಂದಕ್ಕೆ ನಡೆದೆ. ಅವರ ಪಕ್ಕಕ್ಕೆ ಬಂದು ನಿಂತೆ. ಅವರು ಕೋಲನ್ನು ಸರಿಪಡಿಸಿಕೊಂಡು ಮತ್ತೆ ಒಂದು ಹೆಜ್ಜೆ ಇಟ್ಟರು, ನಾನೂ ಒಂದು ಹೆಜ್ಜೆ ಇಟ್ಟೆ.

"ಹಿಂಗ ಹೋಗಿ ಬಂದು, ಹೋಗಿ ಬಂದು ಮಾಡಿದ್ರ ನಿನಗ ಡಬಲ್ ದಾರಿ ಆಕ್ಕೇತಿ ನೋಡು" ಎಂದರು.

"ಆಗಲಿ" ಎಂದೆ.